ಸಮುದ್ರ ಪಾಚಿಯ ಪೊರೆ: ಮೈಸೂರಿನ ಲ್ಯಾಬ್‌ನಲ್ಲೇ ನೋಡಬಹುದಾದಷ್ಟು

ನಾನೀಗಿರುವ ಉತ್ತರ ಜರ್ಮನಿಯ ಈ ಕರಾವಳಿಯವರಿಗೆ ಸಮುದ್ರದ ನೀರು ಕೈಗೆ ಹತ್ತಿರ. ಹೆಲ್ಗೊಲಾಂಡ್ ದ್ವೀಪದ ಬಳಿ 1962ರಿಂದಲೂ ನೀರೆತ್ತಿ ತೇಲುಪಾಚಿ ಎಣಿಸುತ್ತ ಬಂದಿದ್ದಾರೆ. ಮಾನಸಗಂಗೋತ್ರಿಯ ಹುಡುಗರು ಕೇಳುವ ಪ್ರಶ್ನೆ ಬೇರೆ: ‘ಸಮುದ್ರವೂ ಇಲ್ಲ, ಮಾಸ್ ಸ್ಪೆಕ್ಟ್ರೋಮೀಟರೂ ಸಿಗಲ್ಲ, ನಾವೇನ್ ಮಾಡೋದು ಸಾರ್?’ ಪಾಚಿಯ ಪೊರೆ ಯಾವ ಕೊಬ್ಬಿನದು ಎಂದು ನೋಡಲು ಟಿಎಲ್‌ಸಿ ಪ್ಲೇಟು (ದ್ರಾವಕ ಮೇಲೇರುತ್ತ ಮಿಶ್ರಣವನ್ನು ಚುಕ್ಕೆಗಳಾಗಿ ಬೇರ್ಪಡಿಸುವ ತೆಳು ಸಿಲಿಕಾ ಪದರ), ಬಣ್ಣ ಬರಿಸುವ ಮೂರು ಸ್ಪ್ರೇ ಇದ್ದರೆ ಬೇಕಾದಷ್ಟು ಮಾಡಬಹುದು.

ಪೊರೆಯ ಕೊಬ್ಬು (ಲಿಪಿಡ್) ಎಂದರೆ ಎಲ್ಲರಿಗೂ ನೆನಪಾಗುವುದು ಫಾಸ್ಫೋಲಿಪಿಡ್. ಅದಕ್ಕೆ ರಂಜಕ ಬೇಕು. ಮಂಡ್ಯದ ಕಬ್ಬಿನ ಗದ್ದೆಗೆ ಡಿಎಪಿ ಹಾಕುವ ಹಾಗೆ ಸಮುದ್ರಕ್ಕೆ ಯಾರೂ ಹಾಕುವುದಿಲ್ಲ. ಅಟ್ಲಾಂಟಿಕ್‌ನ ಸರ್ಗಾಸೊ ಸಮುದ್ರದ ಮೇಲ್ನೀರಿನಲ್ಲಿ ಫಾಸ್ಫೇಟ್ (ರಂಜಕದ ಲವಣ) ಇರುವುದು ನ್ಯಾನೊಮೋಲಾರ್ ಲೆಕ್ಕದಲ್ಲಿ, ಅಂದರೆ ತೀರಾ ಅತ್ಯಲ್ಪ. ಅಲ್ಲಿನ ತೇಲುಜೀವಿಗಳು ರಂಜಕವಿಲ್ಲದ ಲಿಪಿಡ್‌ನಿಂದಲೇ ಪೊರೆ ಕಟ್ಟಿಕೊಳ್ಳುತ್ತವೆ ಎಂಬುದು 2009ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಈ ಲಿಪಿಡ್‌ಗಳಿಗೆಲ್ಲ ಒಂದು ತಲೆ, ಕೊಬ್ಬಿನಾಮ್ಲದ ಬಾಲಗಳು; ಬದಲಾಗುವುದು ತಲೆ. ಫಾಸ್ಫಟೈಡಿಲ್ ಕೋಲಿನ್ ಎಂಬ ಫಾಸ್ಫೋಲಿಪಿಡ್ ಜಾಗಕ್ಕೆ ಡಿಜಿಟಿಎಸ್‌ನಂಥ ಬೀಟೇನ್ ಲಿಪಿಡ್ (ತಲೆಯಲ್ಲಿ ಸಾರಜನಕವಿದ್ದು ರಂಜಕವಿಲ್ಲದ್ದು), ಫಾಸ್ಫಟೈಡಿಲ್ ಗ್ಲಿಸರಾಲ್ ಎಂಬುದರ ಜಾಗಕ್ಕೆ ಗಂಧಕದ ಎಸ್‌ಕ್ಯುಡಿಜಿ ಲಿಪಿಡ್. ಕ್ಲೋರೋಪ್ಲಾಸ್ಟಿನೊಳಗಿನ ಎಂಜಿಡಿಜಿ, ಡಿಜಿಡಿಜಿ ಲಿಪಿಡ್‌ಗಳು ಸಕ್ಕರೆ ತಲೆಯವು, ಅವಕ್ಕೆ ಮೊದಲಿನಿಂದಲೂ ರಂಜಕದ ಹಂಗಿಲ್ಲ.

ಈ ಅದಲುಬದಲನ್ನು ಕಣ್ಣಾರೆ ನೋಡಲು ನ್ಯಾನೋಕ್ಲೋರಾಪ್ಸಿಸ್ ಎಂಬ ಸೂಕ್ಷ್ಮಪಾಚಿ ಒಳ್ಳೆಯದು. ಅದರಲ್ಲಿ ಡಿಜಿಟಿಎಸ್ ಇದೆ, ಬೆಳೆಸುವುದೂ ಸುಲಭ. ಸಮುದ್ರ ಪಾಚಿ ಬೆಳೆಸುವ ಎಫ್/2 ಮಾಧ್ಯಮದಲ್ಲಿ ಫಾಸ್ಫೇಟ್ 36 ಮೈಕ್ರೋಮೋಲಾರ್, ನೈಟ್ರೇಟ್ 880ರ ಆಸುಪಾಸು. ಒಂದು ಫ್ಲಾಸ್ಕ್ ಹಾಗೇ ಇರಲಿ, ಇನ್ನೊಂದರಲ್ಲಿ ಫಾಸ್ಫೇಟನ್ನು 1–2ಕ್ಕೆ ಇಳಿಸಿ. ಮೊದಲ ಸಲ ಏನೂ ವ್ಯತ್ಯಾಸ ಕಾಣದಿದ್ದರೆ ಗಾಬರಿ ಬೇಡ: ಕೋಶಗಳು ರಂಜಕವನ್ನು ಪಾಲಿಫಾಸ್ಫೇಟ್ ರೂಪದಲ್ಲಿ ಕೂಡಿಟ್ಟುಕೊಂಡಿರುತ್ತವೆ. ಅದೇ ಬಡ ಮಾಧ್ಯಮಕ್ಕೆ ಇನ್ನೊಮ್ಮೆ ವರ್ಗಾಯಿಸಿದ ಮೇಲೆ ನೋಡಿ.

ಶೋಧಿಸಲು ಗ್ಲಾಸ್‌ಫೈಬರ್ ಫಿಲ್ಟರ್, ರಂಧ್ರ 0.7 ಮೈಕ್ರಾನ್, ಮೊದಲೇ 450 ಡಿಗ್ರಿಯಲ್ಲಿ ನಾಲ್ಕು ಗಂಟೆ ಸುಟ್ಟಿಟ್ಟುಕೊಳ್ಳಿ. ಉಪ್ಪು ಕಳೆಯಲು ಡಿಸ್ಟಿಲ್ಡ್ ವಾಟರ್ ಸುರಿದರೆ ಕೋಶಗಳು ಒಡೆದು ಮಾಲೆಲ್ಲ ಕೆಳಗೆ ಹೋಗುತ್ತದೆ, 0.5 ಮೋಲಾರ್ ಅಮೋನಿಯಂ ಫಾರ್ಮೇಟ್ ಬಳಸಿ. ಶೋಧಿಸಿದ ತಕ್ಷಣ ಮೈನಸ್ 80ಕ್ಕೆ. ಫ್ರೀಜರ್ ಇಲ್ಲವೇ? 75 ಡಿಗ್ರಿಯ ಐಸೊಪ್ರೊಪನಾಲ್‌ನಲ್ಲಿ 15 ನಿಮಿಷ ಇಟ್ಟು ಲೈಪೇಸ್ ಸಾಯಿಸಿ. ಮೇಜಿನ ಮೇಲೆ ಬಿಟ್ಟು ಕಾಫಿಗೆ ಹೋಗಿ ಬಂದರೆ ಆ ಕಿಣ್ವ ಪೊರೆಯನ್ನು ಕತ್ತರಿಸಿ ಬಿಡಿ ಕೊಬ್ಬಿನಾಮ್ಲ ಮಾಡಿಟ್ಟಿರುತ್ತದೆ. ಆಮೇಲೆ ಏನು ಮಾಡಿದರೂ ಅದು ಸರಿಹೋಗದು.

ಕೋಶದಿಂದ ಲಿಪಿಡ್ ತೆಗೆಯುವ ಕ್ರಮ 1959ರ ಬ್ಲೈ ಮತ್ತು ಡೈಯರ್ ಅವರದ್ದೇ. ಕ್ಲೋರೋಫಾರ್ಮ್ 2.5, ಮೆಥನಾಲ್ 5, ನೀರು 2 ಮಿ.ಲೀ.; ಇಷ್ಟಕ್ಕೆ ದ್ರಾವಣ ಒಂದೇ ಪದರವಾಗಿರಬೇಕು. ಹೊಸಬರು ಎಡವುವುದೇ ಇಲ್ಲಿ: 47 ಮಿ.ಮೀ. ಫಿಲ್ಟರ್ ತಾನೇ ಅರ್ಧದಿಂದ ಒಂದು ಮಿ.ಲೀ. ನೀರು ಹಿಡಿದಿರುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯದೆ 2 ಮಿ.ಲೀ. ಪೂರ್ತಿ ಸುರಿದರೆ ಆಗಲೇ ಎರಡು ಪದರವಾಗಿ, ಲಿಪಿಡ್ ಅರೆಬರೆ ಹೊರಬರುತ್ತದೆ. ನ್ಯಾನೋಕ್ಲೋರಾಪ್ಸಿಸ್‌ನ ಗೋಡೆ ಗಟ್ಟಿ, ಸೋನಿಕೇಟರ್ ಅಥವಾ ಗಾಜಿನ ಮಣಿ ಬೇಕೇ ಬೇಕು. ಬಳಿಕ ಕ್ಲೋರೋಫಾರ್ಮ್, ನೀರು ತಲಾ 2.5 ಸೇರಿಸಿ ಸೆಂಟ್ರಿಫ್ಯೂಜ್ ಮಾಡಿ, ಲಿಪಿಡ್ ಇರುವ ಕೆಳಪದರವನ್ನು ಗಾಜಿನ ಪಿಪೆಟ್‌ನಿಂದ ಎತ್ತಿ. ಪ್ಲಾಸ್ಟಿಕ್ ಟಿಪ್ಪಿನಿಂದ ಥ್ಯಾಲೇಟ್ (ಪ್ಲಾಸ್ಟಿಕ್ ಮೆದುಗೊಳಿಸುವ ರಾಸಾಯನಿಕ) ಇಳಿಯುತ್ತದೆ, ಬಾಯಿ ಮುಚ್ಚುವ ಪ್ಯಾರಾಫಿಲ್ಮ್ ಹಾಳೆ ಕರಗಿಯೇ ಹೋಗುತ್ತದೆ. ಎಲ್ಲವೂ ಫ್ಯೂಮ್ ಹುಡ್ ಒಳಗೆ. ಕ್ಲೋರೋಫಾರ್ಮ್ ತ್ಯಾಜ್ಯಕ್ಕೆ ಇಲ್ಲಿ ಜರ್ಮನಿಯಲ್ಲಿ ಬೇರೆಯದೇ ಕ್ಯಾನ್ ಇಡುತ್ತಾರೆ, ಸಿಂಕಿಗೆ ಒಂದು ಹನಿಯೂ ಹೋಗಬಾರದು. ಈ ಶಿಸ್ತಿಗೆ ದುಡ್ಡು ಬೇಕಿಲ್ಲ.

ಇನ್ನು ಟಿಎಲ್‌ಸಿ. ಸಿಲಿಕಾ ಪ್ಲೇಟನ್ನು 110 ಡಿಗ್ರಿಯಲ್ಲಿ ಒಂದು ಗಂಟೆ ಒಣಗಿಸಿ. ಮೈಸೂರಿನ ಮಳೆಗಾಲದಲ್ಲಿ ಇದನ್ನು ಬಿಟ್ಟರೆ ಚುಕ್ಕೆಗಳು ದಿನಕ್ಕೊಂದು ಎತ್ತರದಲ್ಲಿ ನಿಲ್ಲುತ್ತವೆ. ದ್ರಾವಕ ಕ್ಲೋರೋಫಾರ್ಮ್, ಮೆಥನಾಲ್, ನೀರು 65:25:4. ಒಂದೇ ಮಾದರಿಯನ್ನು ಮೂರು ಪ್ಲೇಟಿನಲ್ಲಿ ಓಡಿಸಿ. ಮೊದಲನೆಯದಕ್ಕೆ ಮಾಲಿಬ್ಡಿನಂ ಬ್ಲೂ ಸ್ಪ್ರೇ: ರಂಜಕವಿದ್ದಲ್ಲಿ ನೀಲಿ. ಎರಡನೆಯದಕ್ಕೆ ಆಲ್ಫಾ ನ್ಯಾಫ್ತಾಲ್, ಗಂಧಕಾಮ್ಲ ಹಾಕಿ ಬಿಸಿ ಮಾಡಿದರೆ ಸಕ್ಕರೆ ತಲೆಯವು ನೇರಳೆಗೆ ತಿರುಗುತ್ತವೆ. ಮೂರನೆಯದಕ್ಕೆ ಡ್ರಾಗೆನ್‌ಡಾರ್ಫ್ ಸ್ಪ್ರೇ: ಕೋಲಿನ್, ಬೀಟೇನ್‌ಗಳಿಗೆ ಕಿತ್ತಳೆ ಬಣ್ಣ. ಮೂರನೆಯದರಲ್ಲಿ ಕಿತ್ತಳೆ ಬಂದು, ಅದೇ ಎತ್ತರದಲ್ಲಿ ಮೊದಲನೆಯದು ನೀಲಿಯಾಗದಿದ್ದರೆ ನಿಮ್ಮ ಮುಂದಿರುವುದು ಬೀಟೇನ್ ಲಿಪಿಡ್. ಬಡ ಫ್ಲಾಸ್ಕಿನಲ್ಲಿ ಆ ಚುಕ್ಕೆ ದಪ್ಪಗಾಗಿ, ಫಾಸ್ಫಟೈಡಿಲ್ ಕೋಲಿನ್ ಚುಕ್ಕೆ ಮಸುಕಾಗುತ್ತದೆ. ಒಟ್ಟು ಕೊಬ್ಬಿನ ತೂಕ ಹಿಡಿದು ಹೋಲಿಸಬೇಡಿ. ಹಸಿದ ಪಾಚಿ ಎಣ್ಣೆ ತುಂಬಿಕೊಳ್ಳುತ್ತದೆ, ಆ ಎಣ್ಣೆ ಪೊರೆಯದ್ದಲ್ಲ.

ಇನ್ನು ‘ಈ ಲಿಪಿಡ್ ಯಾರದ್ದು’ ಎಂಬ ಪ್ರಶ್ನೆ. ಫ್ಲಾಸ್ಕಿನಲ್ಲಿ ಉತ್ತರ ಗೊತ್ತೇ ಇದೆ. ಕಾರವಾರದಿಂದ ತಂದ ನೀರಿನಲ್ಲಿ ಹಾಗಲ್ಲ. ಡಿಜಿಟಿಎಸ್ ಹಸಿರು ಪಾಚಿಯಲ್ಲಿ ಹೇರಳ, ಡಿಜಿಟಿಎ ಎಂಬ ಬೀಟೇನ್ ಲಿಪಿಡ್ ಕಂದು ಪಾಚಿಯಲ್ಲಿ, ಡಿಜಿಸಿಸಿ ಎಂಬುದು ಹ್ಯಾಪ್ಟೊಫೈಟ್ ಎಂಬ ತೇಲುಪಾಚಿಗಳಲ್ಲಿ ಮತ್ತು ಕೆಲವು ಡಯಾಟಮ್‌ಗಳಲ್ಲಿ (ಸಿಲಿಕಾ ಚಿಪ್ಪಿನ ಪಾಚಿ). ಮೊದಲೆರಡರ ತೂಕ ಒಂದೇ, ಅಣುಗಳನ್ನು ತೂಗುವ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಒಡೆದ ತುಂಡಿನ ತೂಕವೂ ಒಂದೇ, 236. ಅದಕ್ಕೂ ಮುಂಚೆ ಲಿಪಿಡ್‌ಗಳನ್ನು ಬೇರ್ಪಡಿಸುವ ಕಾಲಮ್ಮಿನಿಂದ ಹೊರಬರುವ ಹೊತ್ತಷ್ಟೇ ಬೇರೆ. ಸಾಲದ್ದಕ್ಕೆ ರಂಜಕದ ಬರ ಬಂದರೆ ಕೆಲವು ಬ್ಯಾಕ್ಟೀರಿಯಾಗಳೂ ಡಿಜಿಟಿಎಸ್ ಮಾಡುತ್ತವೆ. ಹಾಗಾಗಿ ತಲೆಯೊಂದನ್ನೇ ನಂಬದೆ ಬಾಲದ ಕೊಬ್ಬಿನಾಮ್ಲಗಳನ್ನೂ ನೋಡಿ: 20:5 (20 ಇಂಗಾಲ, 5 ಜೋಡಿಬಂಧ) ಡಯಾಟಮ್ ಕಡೆಗೆ, 22:6 ಡೈನೋಫ್ಲಾಜೆಲೇಟ್ ಎಂಬ ಚಾಟಿಬಾಲದ ತೇಲುಜೀವಿಗಳ ಕಡೆಗೆ ವಾಲುತ್ತದೆ. ನ್ಯಾನೋಕ್ಲೋರಾಪ್ಸಿಸ್‌ನಲ್ಲೂ 20:5 ತುಂಬಿರುವುದರಿಂದ ಇದೂ ಸುಳಿವಷ್ಟೇ; ಅದೇ ನೀರನ್ನು ಸೂಕ್ಷ್ಮದರ್ಶಕದಡಿ ಎಣಿಸಿದ ಪಟ್ಟಿ ಜೊತೆಗಿಲ್ಲದಿದ್ದರೆ ಮೂಲದ ಬಗ್ಗೆ ಬರೆಯಲು ಹೋಗಬೇಡಿ.