ಮಿನಿಯ ರೂಫ್ ಕತ್ತರಿಸುವ ಮೊದಲು: ಹೊಸಿಲು, ಬಾಕ್ಸ್ ಪೈಪು, ಬಾಗಿಲ ಸಂದು

ನವೆಂಬರ್, ಮೊದಲ ವಾರ

ಮೂರು ತಿಂಗಳಾಯಿತು, ರೂಫ್ ಮೇಲೆ ಇನ್ನೂ ಒಂದು ಗೆರೆ ಎಳೆದಿಲ್ಲ. ತಮ್ಮ ಹಾಸನದಿಂದ ವಾರಕ್ಕೊಮ್ಮೆ ಮೆಸೇಜ್ ಮಾಡ್ತಾನೆ, "ಅಣ್ಣಾ, ಕತ್ತರಿಸಿದ್ಯಾ?" ಅಂತ. ಕತ್ತರಿಸೋದು ಒಂದು ಮಧ್ಯಾಹ್ನದ ಕೆಲಸ. ಕತ್ತರಿಸಿದ ಮೇಲೂ ಗಾಡಿ ಗಾಡಿಯಾಗಿ ಉಳಿಯಬೇಕಲ್ವಾ, ಸಮಯವೆಲ್ಲ ಅದಕ್ಕೇ ಹೋಗುತ್ತಿದೆ.

ಗಾಡಿ 1989ರ ಮಿನಿ ಕಾರು, 998 ಸಿಸಿ. ನಾನಿರುವ ಬರ್ಮಿಂಗ್‌ಹ್ಯಾಮ್‌ನ ಲಾಂಗ್‌ಬ್ರಿಡ್ಜ್ ಕಾರ್ಖಾನೆಯಲ್ಲೇ ಹುಟ್ಟಿದ್ದು. ಇದನ್ನು ಕನ್ವರ್ಟಿಬಲ್, ಅಂದರೆ ಗಟ್ಟಿ ರೂಫ್ ಇಲ್ಲದ ತೆರೆದ ಗಾಡಿ, ಮಾಡಬೇಕು ಅನ್ನೋದು ನನ್ನ ಬಹಳ ದಿನದ ಆಸೆ. ಇದೇನೂ ಹೊಸ ಹುಚ್ಚಲ್ಲ. 1966ರಲ್ಲಿ ಹೈಂಜ್ ಕಂಪನಿ ಒಂದು ಸ್ಪರ್ಧೆಯ ಬಹುಮಾನಕ್ಕೆ 57 ಕನ್ವರ್ಟಿಬಲ್‌ಗಳನ್ನು ಕೊಟ್ಟಿತ್ತು. ಅವು ಮಿನಿಯ ಅಕ್ಕನಂಥ ವೂಲ್ಸ್‌ಲಿ ಹಾರ್ನೆಟ್‌ಗಳು, ರೂಫ್ ತೆಗೆದು ಕೊಟ್ಟದ್ದು ಕ್ರೇಫೋರ್ಡ್ ಎಂಬ ಸಂಸ್ಥೆ. 90ರ ದಶಕದಲ್ಲಿ ರೋವರ್ ಕಂಪನಿಯೇ ಮಿನಿ ಕ್ಯಾಬ್ರಿಯೊಲೆ ಮಾಡಿ ಮಾರಿತು.

ನಮ್ಮೂರ ಕಡೆ ಜೀಪಿನ ಟಾರ್ಪಾಲು ಬಿಚ್ಚಿ ಓಡಿಸಿದರೂ ಏನೂ ಆಗಲ್ಲ. ಅದರ ಭಾರವನ್ನೆಲ್ಲ ಕೆಳಗಿನ ಚಾಸಿ ಹೊರುತ್ತೆ. ಮಿನಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಸಿಹಿತಿಂಡಿಯ ರಟ್ಟಿನ ಡಬ್ಬ ತಗೊಳ್ಳಿ. ಮುಚ್ಚಳಕ್ಕೆ ಸುತ್ತ ಟೇಪ್ ಹಾಕಿ ಎರಡೂ ಕೈಯಲ್ಲಿ ಹಿಂಡಿ ನೋಡಿ, ಜಪ್ಪಯ್ಯ ಅಂದರೂ ತಿರುಚಿಕೊಳ್ಳಲ್ಲ. ಮುಚ್ಚಳ ತೆಗೆದು ಹಿಂಡಿ, ಮೂಲೆ ಮೂಲೆ ಒಂದೊಂದು ಕಡೆ ಹೋಗುತ್ತೆ. ರೂಫ್ ಅಂದರೆ ಆ ಮುಚ್ಚಳ.

ನವೆಂಬರ್ ಕೊನೆ

ರೂಫ್ ಹೋದ ಮೇಲೆ ಮುಂದಿನ ಚಕ್ರ ಮತ್ತು ಹಿಂದಿನ ಚಕ್ರದ ನಡುವೆ ಗಾಡಿ ಬಾಗದ ಹಾಗೆ ಹಿಡಿಯೋದು ಮುಖ್ಯವಾಗಿ ಎರಡು ಸಿಲ್‌ಗಳು, ಅಂದರೆ ಬಾಗಿಲ ಕೆಳಗಿನ ಹೊಸಿಲು. ನನ್ನ ಗಾಡಿಯ ಹೊಸಿಲು ಹೊರಗಿಂದ ಫಳಫಳ. ಸ್ಕ್ರೂಡ್ರೈವರ್ ಹಿಡಿಯಲ್ಲಿ ತಟ್ಟಿದೆ. ಟಣ್ ಅನ್ನಬೇಕಾದದ್ದು ಡಬ್ ಅಂತು. ಕತ್ತರಿಸಿ ನೋಡಿದರೆ ಹಳೇ ಸಿಲ್ ತೆಗೆಯದೆ, ಅದರ ಮೇಲೇ ಹೊಸ ತಗಡು ಹೊದಿಸಿ ವೆಲ್ಡ್ ಮಾಡಿದ್ದಾರೆ. ಒಳಗಿಂದ ತುಕ್ಕು ಹಿಟ್ಟಿನ ಹಾಗೆ ಉದುರಿತು, ಒಂದು ಮೊರದಷ್ಟು. ಬಲ ಕೊಡುವ ಮಾತು ಆಮೇಲೆ, ಮೊದಲು ಒಳಸಿಲ್, ಹೊರಸಿಲ್ ಎರಡನ್ನೂ ಹೊಸದಾಗಿ ಕೂರಿಸಬೇಕಾಯಿತು. ಬೇಜಾರಾಯಿತು ನಿಜ. ಆದರೆ ಕೊಳೆತ ತಗಡಿಗೆ ಎಂಥ ಪೈಪು ಜೋಡಿಸಿದರೂ ಪ್ರಯೋಜನ ಇಲ್ಲ.

ಡಿಸೆಂಬರ್

ಯಾವ ಪೈಪು ಅನ್ನೋದಕ್ಕೆ ಎರಡು ರಾತ್ರಿ ಲೆಕ್ಕ ಹಾಕಿದೆ. ದಪ್ಪ ಜಾಸ್ತಿ ಇದ್ದರೆ ಗಟ್ಟಿ ಅಂತ ಮೊದಲು 40×40, 4 ಮಿಮೀ ದಪ್ಪದ ಬಾಕ್ಸ್ ಪೈಪ್ ಅಂದುಕೊಂಡಿದ್ದೆ. ಲೆಕ್ಕ ಬೇರೆಯೇ ಹೇಳಿತು. 80 ಮಿಮೀ ಎತ್ತರ, 40 ಅಗಲ, ಬರೀ 2 ಮಿಮೀ ದಪ್ಪದ ಪೈಪು ಬಾಗುವಿಕೆಗೆ ಅದಕ್ಕಿಂತ ಮೂರು ಪಟ್ಟು ಬಿಗಿ. ಮೇಲಾಗಿ ಮೀಟರಿಗೆ ಸುಮಾರು 900 ಗ್ರಾಂ ಹಗುರ. ದಪ್ಪ ದುಪ್ಪಟ್ಟು ಮಾಡಿದರೆ ಬಿಗಿತ ಹೆಚ್ಚುಕಡಿಮೆ ದುಪ್ಪಟ್ಟು. ಎತ್ತರ ದುಪ್ಪಟ್ಟು ಮಾಡಿದರೆ ನಾಲ್ಕರಿಂದ ಎಂಟು ಪಟ್ಟು. ಮನೆಯ ತೊಲೆಯನ್ನು ಅಡ್ಡ ಮಲಗಿಸದೆ ಎತ್ತರಕ್ಕೆ ನಿಲ್ಲಿಸಿ ಕೂರಿಸ್ತಾರಲ್ಲ, ಅದೇ ಕಾರಣ.

ಇನ್ನೊಂದು ಮಾತು, ಪೈಪು ಮುಚ್ಚಿದ ಪೈಪೇ ಆಗಿರಬೇಕು. ಟಿಶ್ಯೂ ರೋಲ್ ಮುಗಿದ ಮೇಲೆ ಉಳಿಯುವ ರಟ್ಟಿನ ಕೊಳವೆಯನ್ನು ತಿರುಚಿ ನೋಡಿ, ಬಿಗಿಯಾಗಿರುತ್ತೆ. ಉದ್ದಕ್ಕೆ ಒಂದೇ ಒಂದು ಸೀಳು ಹಾಕಿ ಮತ್ತೆ ತಿರುಚಿ. ಬಲವೆಲ್ಲ ಮಾಯ! ಅದಕ್ಕೇ ಸಿ ಆಕಾರದ ಪಟ್ಟಿ ಬಳಸಲು ನನಗೆ ಮನಸ್ಸಿಲ್ಲ.

ಪೈಪುಗಳು ಕ್ಯಾಬಿನ್ ಒಳಗೆ ಒಳಸಿಲ್‌ಗೆ ಅಂಟಿಕೊಂಡು, ಮುಂದೆ ಕಾಲಿಡುವ ತಗಡಿನಿಂದ ಹಿಂದಿನ ಸೀಟಿನ ಬುಡದವರೆಗೆ ಹೋಗುತ್ತವೆ. ಎರಡೂ ತುದಿಗೆ ಅಂಗೈ ಅಗಲದ 2 ಮಿಮೀ ಪ್ಲೇಟು. ಗಾಡಿಯ ತಗಡು 1 ಮಿಮೀ ಕೂಡ ಇಲ್ಲ. ಪೈಪನ್ನು ನೇರವಾಗಿ ಅದಕ್ಕೆ ವೆಲ್ಡ್ ಮಾಡಿದರೆ ಭಾರವೆಲ್ಲ ಒಂದೇ ಗೆರೆಯ ಮೇಲೆ ಬಿದ್ದು, ಪಕ್ಕದಲ್ಲೇ ಬಿರುಕು ಬಿಡುತ್ತೆ.

ಜನವರಿ

ಒಂದು ತಪ್ಪು ಮಾಡಿದೆ, ಬರೆದಿಡ್ತೀನಿ. ಎಡಗಡೆಯ ಪೈಪನ್ನು ಉತ್ಸಾಹದಲ್ಲಿ ಒಂದೇ ಸಮನೆ ವೆಲ್ಡ್ ಮಾಡುತ್ತಾ ಹೋದೆ. ತಣ್ಣಗಾದ ಮೇಲೆ ಬಾಗಿಲ ಹಿಂದಿನ ಸಂದು ಅಳೆದರೆ 4.6 ಇದ್ದದ್ದು ಮೇಲ್ಗಡೆ 3.1 ಮಿಮೀ ಆಗಿತ್ತು. ಬಿಸಿಗೆ ಹಿಗ್ಗಿದ ವೆಲ್ಡು ತಣಿಯುವಾಗ ಸಿಲ್ ಅನ್ನೇ ಎಳೆದುಕೊಂಡಿದೆ. ಪಕ್ಕದ ಮನೆಯ ತಾತ ಕಾರ್ಖಾನೆಯಲ್ಲಿ ತಗಡು ಕೆಲಸ ಮಾಡಿ ರಿಟೈರ್ ಆದವರು. ಬಂದು ನೋಡಿ, ಮಾತಾಡದೆ ಗ್ರೈಂಡರ್ ಎತ್ತಿ ನನ್ನ ಕೈಗೆ ಕೊಟ್ಟರು. ಪೂರ್ತಿ ಬಿಡಿಸಿದೆ. ಆಮೇಲೆ 25 ಮಿಮೀ ಉದ್ದದ ತುಂಡು ವೆಲ್ಡು. ಒಂದು ಮುಂದೆ, ಒಂದು ಹಿಂದೆ, ಒಂದು ಬಲಗಡೆ. ಕೈ ಸುಡದಷ್ಟು ತಣಿದ ಮೇಲೆ ಮುಂದಿನದು. ನಾಲ್ಕು ಶನಿವಾರ ಹಿಡಿಯಿತು. ಸಂದು 4.5ಕ್ಕೆ ವಾಪಸ್ ಬಂತು.

ಬಾಗಿಲನ್ನು ಬಿಚ್ಚಿಡದೆ ಗಾಡಿಯಲ್ಲೇ ಬಿಟ್ಟಿರುವುದು ಇದಕ್ಕೇ. ಬಾಡಿ ಕೂದಲಷ್ಟು ಕದಲಿದರೂ ಮೊದಲು ಹೇಳೋದು ಬಾಗಿಲ ಸಂದು. ಗಾಡಿಯನ್ನು ಸಿಲ್ ಕೆಳಗೆ ಜಾಕ್ ಕೊಟ್ಟು ನಿಲ್ಲಿಸಬೇಡಿ. ಚಕ್ರದ ಮೇಲೆ ನಿಂತಾಗ ಭಾರ ಹೇಗೆ ಕೂರುತ್ತೋ ಹಾಗೇ, ಮುಂದಿನ ಹಿಂದಿನ ಸಬ್‌ಫ್ರೇಮ್, ಅಂದರೆ ಚಕ್ರಗಳನ್ನು ಹಿಡಿದಿರುವ ಉಕ್ಕಿನ ಚೌಕಟ್ಟಿನ ಕೆಳಗೆ ಸ್ಟ್ಯಾಂಡ್ ಇಟ್ಟಿದ್ದೀನಿ.

ಫೆಬ್ರವರಿ

ಉಳಿದವು ಬೇಗ ಆದವು. ಮುಂದಿನ ಸೀಟಿನ ಕೆಳಗಿನ ಅಡ್ಡಪಟ್ಟಿಗೆ ಪೈಪುಗಳನ್ನು ಕಟ್ಟಿದೆ. ಹಿಂದಿನ ಸೀಟಿನ ಬೆನ್ನಿಗೆ ಅಡ್ಡ ಪೈಪು, ಬಾಗಿಲ ಹಿಂದಿನ ಕಂಬಗಳಿಗೆ ಒಳಗಿಂದ ಪ್ಲೇಟು. ವಿಂಡ್‌ಸ್ಕ್ರೀನ್ ಪಕ್ಕದ ಕಂಬಗಳ ಬುಡಕ್ಕೆ ಗಸೆಟ್, ಅಂದರೆ ಮೂಲೆಗೆ ಬಲ ಕೊಡುವ ತ್ರಿಕೋನದ ಪ್ಲೇಟು. ಈ ಕಂಬಗಳ ತಲೆ ಇನ್ನು ಮುಂದೆ ಯಾವುದಕ್ಕೂ ಅಂಟಿಕೊಂಡಿರಲ್ಲ. ಬುಡ ಬಿಗಿ ಇಲ್ಲದಿದ್ದರೆ ಪ್ರತಿ ಗುಂಡಿಗೂ ಗಾಜಿನ ಚೌಕಟ್ಟು ಅಲ್ಲಾಡುತ್ತೆ, ಒಂದು ದಿನ ಗಾಜೇ ಸೀಳುತ್ತೆ. ಎಲ್ಲ ಪೈಪಿಗೂ ಕೆಳಗೆ ನೀರಿಳಿಯುವ ತೂತು, ಒಳಗೆ ಮೇಣ.

ಅಪ್ಪ ಹಂಚಿನ ಮನೆ ಕಟ್ಟಿಸಿದವರು. ವಿಡಿಯೊ ಕಾಲ್‌ನಲ್ಲಿ ನೋಡಿ, "ಒಳಗಿಂದ ಅಡ್ಡ ಮರ ಕೊಟ್ಟೇ ಸೂರಿಗೆ ಕೈ ಹಾಕಪ್ಪ" ಅಂದರು. ಬಾಗಿಲ ಚೌಕಟ್ಟುಗಳಿಗೆ, ಎಡಕಂಬದಿಂದ ಬಲಕಂಬಕ್ಕೆ, ತಾತ್ಕಾಲಿಕ ಪೈಪುಗಳನ್ನು ಚುಕ್ಕಿ ವೆಲ್ಡಿನಲ್ಲಿ ಟ್ಯಾಕ್ ಮಾಡಿದೆ. ಅಪ್ಪನಿಗೆ ಫೋಟೊ ಕಳಿಸಿದೆ.

ಮಾರ್ಚ್

ಕತ್ತರಿಸಿದೆ. ಇಬ್ಬರು ಎತ್ತಿ ಇಳಿಸಿದೆವು, ತೂಕಕ್ಕೆ ಹಾಕಿದರೆ 14 ಕೆಜಿ. ನಾನು ಸೇರಿಸಿದ ಕಬ್ಬಿಣ 31 ಕೆಜಿ. ರೂಫ್ ಇಲ್ಲದ ಗಾಡಿ ಹಗುರ ಅಂತ ತುಂಬ ಜನ ಅಂದುಕೊಂಡಿರ್ತಾರೆ, ಸಾಮಾನ್ಯವಾಗಿ ತಿರುವುಮುರುವು.

ತಾತ್ಕಾಲಿಕ ಪೈಪುಗಳನ್ನು ಒಂದೊಂದಾಗಿ ಬಿಡಿಸಿದೆ, ಪ್ರತಿ ಸಲ ಸಂದು ಅಳೆದೆ. ಕೊನೆಯದು ಬಿಟ್ಟಾಗ 4.4. ಆಮೇಲೆ ನಾನೂ ತಾತನೂ ಒಳಗೆ ಕೂತೆವು. ಹೆಂಡತಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳು) ಹಿಡಿದು ಹೊರಗಿಂದ ಓದಿದಳು, 4.2. ಬಾಗಿಲು ತೆರೆದು ಮುಚ್ಚಿದೆ. ಹಳೇ ಸದ್ದೇ! ಇನ್ನೊಂದು ಸಲ ಮುಚ್ಚಿದೆ, ಸುಮ್ನೆ ಕೇಳೋದಕ್ಕೆ.

ಬೆಂಗಳೂರಿಂದ ಇಬ್ಬರು ಕೇಳಿದ್ದರು, ಅಲ್ಲಿ ಮಾಡಬಹುದಾ ಅಂತ. ರಸ್ತೆಗಿಳಿಸುವ ಗಾಡಿಗೆ ಬೇಡ. ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವುದನ್ನು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ತಡೆಯುತ್ತೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಇಲ್ಲಿ ನಾನು ಕೆಲಸ ಶುರು ಮಾಡುವ ಮೊದಲೇ ನೋಂದಣಿ ಕಚೇರಿಗೂ ಇನ್ಶೂರೆನ್ಸ್‌ನವರಿಗೂ ಬರೆದಿದ್ದೆ.

ಮುಂದಿನದು ಸೀಟ್ ಬೆಲ್ಟ್. ಕಂಬದ ಮೇಲ್ತುದಿ ಕತ್ತರಿಸಿದ್ದರಿಂದ ಭುಜದ ಪಟ್ಟಿಯ ಬೋಲ್ಟಿಗೆ ಜಾಗ ಇಲ್ಲ. ಬಾಗಿಲ ಹಿಂದೆ ಅಡ್ಡಲಾಗಿ ಒಂದು ರೋಲ್ ಹೂಪ್ (ಗಾಡಿ ಮಗುಚಿದರೆ ತಲೆ ಕಾಯುವ ಕಮಾನಿನ ಪೈಪು) ಬಗ್ಗಿಸಿ, ಸಿಲ್ ಪೈಪಿಗೇ ಕೂರಿಸಬೇಕು. ಅದು ಆಗುವವರೆಗೆ ಗಾಡಿ ಶೆಡ್ ಬಿಟ್ಟು ಆಚೆ ಬರಲ್ಲ.