ಲಿಂಕ್ ಬೇಡ, ಫೈಲ್ ಇದ್ರೆ ಕೊಡಿ

ನನ್ನ ಹತ್ತಿರ ಇನ್ನೂ ಎಂಪಿ3 ಫೈಲುಗಳಿವೆ ಅಂದರೆ ಕೆಲವರು ಒಂಥರಾ ನೋಡುತ್ತಾರೆ. ಅಕ್ಕನ ಮಗನಂತೂ ನೇರವಾಗಿ ಕೇಳಿಯೇಬಿಟ್ಟ: "ಇದನ್ನೆಲ್ಲ ಯಾಕೆ ಇಟ್ಕೊಂಡಿದ್ದೀಯ ಮಾಮಾ? ಎಲ್ಲಾ ಆ್ಯಪ್‌ನಲ್ಲೇ ಸಿಗುತ್ತಲ್ಲ?" ಅವನು ಹೇಳಿದ್ದರಲ್ಲಿ ಆಶ್ಚರ್ಯವೇನಿಲ್ಲ. ಅವನಿಗೆ ಬುದ್ಧಿ ಬಂದಾಗಿನಿಂದ ಹಾಡು ಅಂದರೆ ಆ್ಯಪ್‌ನಲ್ಲಿ ಬರುವುದೇ. ಆದರೆ "ಎಲ್ಲಾ ಸಿಗುತ್ತೆ" ಅನ್ನುವ ಮಾತು ಮಾತ್ರ ನನಗೆ ಗಂಟಲಲ್ಲಿ ಇಳಿಯುವುದಿಲ್ಲ.

ಸಿಗುತ್ತೆ, ನಿಜ. ಇವತ್ತು ಸಿಗುತ್ತೆ. ನಾನು ದುಡ್ಡು ಕಟ್ಟುವ ಸ್ಟ್ರೀಮಿಂಗ್ ಸೇವೆಯಲ್ಲಿ ನನ್ನ ಹಳೇ ಪ್ಲೇಲಿಸ್ಟ್ ತೆಗೆದರೆ ಅಲ್ಲಲ್ಲಿ ಬೂದು ಬಣ್ಣದ ಸಾಲುಗಳು ಕಾಣುತ್ತವೆ. ಹೆಸರಿದೆ, ಒತ್ತಿದರೆ ಏನೂ ಆಗುವುದಿಲ್ಲ. ಯಾವ ಹಾಡಿಗೋಸ್ಕರ ಆ ಪಟ್ಟಿ ಮಾಡಿದ್ದೆನೋ ಅದೇ ಮಾಯ. ಇನ್ನು ಕೆಲವು ಹಾಡುಗಳು ಇವೆ, ಆದರೆ ನಾನು ಸೇರಿಸಿದ್ದ ರೆಕಾರ್ಡಿಂಗ್ ಅಲ್ಲ. ಅದೇ ಹಾಡನ್ನು ಹೊಸದಾಗಿ ಮಾಸ್ಟರ್ ಮಾಡಿ, ಸದ್ದು ಏರಿಸಿ, ಹಳೆಯದರ ಜಾಗದಲ್ಲಿ ಕೂರಿಸಿದ್ದಾರೆ. ನನಗೆ ಯಾರೂ ಹೇಳಲಿಲ್ಲ. ಸುಮ್ನೆ ಬದಲಾಗಿತ್ತು.

ಇದರಲ್ಲಿ ದೊಡ್ಡ ಗುಟ್ಟೇನೂ ಇಲ್ಲ. ಇಂಥ ಸೇವೆಗಳು ಸಂಗೀತ ಕಂಪನಿಗಳಿಂದ ಲೈಸೆನ್ಸ್ ಪಡೆದು ಹಾಡು ಕೇಳಿಸುತ್ತವೆ. ಒಪ್ಪಂದಕ್ಕೆ ಒಂದು ಅವಧಿ ಇರುತ್ತದೆ, ಯಾವ ಯಾವ ದೇಶ ಅಂತ ಇರುತ್ತದೆ. ಅವಧಿ ಮುಗಿಯಿತೋ, ಹಕ್ಕು ಕೈ ಬದಲಾಯಿತೋ, ಹಾಡು ಹೋಯಿತು. ಡೌನ್‌ಲೋಡ್ ಬಟನ್ ಇದೆಯಲ್ಲ ಅನ್ನಬೇಡಿ. ಅಲ್ಲಿ ಇಳಿಯುವುದು ಬೀಗ ಹಾಕಿದ ಫೈಲ್. ಆ ಆ್ಯಪ್ ಬಿಟ್ಟು ಬೇರೆ ಯಾವುದರಲ್ಲೂ ತೆರೆಯುವುದಿಲ್ಲ. ಚಂದಾ ನಿಲ್ಲಿಸಿದರೆ ಅದೂ ನಿಲ್ಲುತ್ತದೆ. ಒಟ್ಟಿನಲ್ಲಿ ನಮ್ಮ ಜುಟ್ಟು ಅವರ ಕೈಯಲ್ಲಿ.

ಹಾಗಂತ ನಾನು ಸ್ಟ್ರೀಮಿಂಗ್ ಬಿಟ್ಟಿಲ್ಲ. ಗೊತ್ತಿಲ್ಲದ ಹಾಡನ್ನು ಒಮ್ಮೆ ಕೇಳಿ ನೋಡೋಕೆ ಅದಕ್ಕಿಂತ ಸುಲಭದ ದಾರಿ ಇಲ್ಲ. ಆದರೆ ಮತ್ತೆ ಮತ್ತೆ ಹುಡುಕಿಕೊಂಡು ಹೋಗಿ ಕೇಳುವ ಹಾಡಾದರೆ ಅದರ ಫೈಲ್ ನನ್ನ ಹತ್ತಿರ ಇರಬೇಕು. ಬೀಗ ಇಲ್ಲದ ಫೈಲ್. ಯಾವ ಪ್ಲೇಯರಿಗೆ ಹಾಕಿದರೂ ಹಾಡಬೇಕು.

ಫೈಲ್ ಇದ್ದರೆ ಬೇರೆಯವರಿಗೂ ಕೇಳಿಸಬಹುದು. ಈಗ ಗೆಳೆಯರು "ಒಂದು ಹಾಡು ಕಳಿಸಿದ್ದೀನಿ ನೋಡು" ಅಂದರೆ ಬರುವುದು ಲಿಂಕ್. ಒತ್ತಿದರೆ ನನ್ನ ಫೋನಿನಲ್ಲಿ ಇಲ್ಲದ ಆ್ಯಪ್ ಹಾಕಿಕೋ ಅನ್ನುತ್ತದೆ. ಹಾಕಿಕೊಂಡರೆ ಲಾಗಿನ್ ಆಗು ಅನ್ನುತ್ತದೆ. ಆದಮೇಲೆ ಹಾಡಿಗೆ ಮೊದಲು ಒಂದು ಜಾಹೀರಾತು. ಅಷ್ಟು ಹೊತ್ತಿಗೆ ಕೇಳುವ ಮೂಡೇ ಹೋಗಿರುತ್ತದೆ.

1979ರಲ್ಲಿ ಸೋನಿ ತಂದ ಮೊದಲ ಜೇಬಿನ ಕ್ಯಾಸೆಟ್ ಪ್ಲೇಯರ್ ವಾಕ್‌ಮನ್‌ನಲ್ಲಿ ಹೆಡ್‌ಫೋನ್ ಚುಚ್ಚಲು ಎರಡು ಜಾಕ್ ಇದ್ದವು. ಇಬ್ಬರು ಒಟ್ಟಿಗೆ ಕೇಳಲಿ ಅಂತ! ನಡುವೆ ಮಾತಾಡಬೇಕು ಅನಿಸಿದರೆ ಒತ್ತೋಕೆ ಒಂದು ಗುಂಡಿಯೂ ಇತ್ತು. ಒತ್ತಿದರೆ ಹಾಡಿನ ಸದ್ದು ತಗ್ಗಿ, ಅದರಲ್ಲೇ ಇದ್ದ ಮೈಕಿನಿಂದ ಎದುರಿನವರ ಮಾತು ಕೇಳುತ್ತಿತ್ತು. ಆಮೇಲೆ ಎರಡು ಜಾಕ್ ಒಂದಾಯಿತು. 2016ರಲ್ಲಿ ಬಂದ ಐಫೋನ್ 7ರಲ್ಲಿ ಆ ಒಂದೂ ಹೋಯಿತು. ಉಳಿದ ಫೋನುಗಳೂ ಒಂದೊಂದಾಗಿ ಅದೇ ದಾರಿ ಹಿಡಿದವು. ಈಗ ಬ್ಲೂಟೂತ್‌ನವರು ಆರಾಕಾಸ್ಟ್ ಅಂತ ತಂದಿದ್ದಾರೆ. ಒಂದೇ ಫೋನಿನಿಂದ ಸುತ್ತಲಿನ ಹಲವು ಇಯರ್‌ಬಡ್‌ಗಳಿಗೆ ಹಾಡು ಕೇಳಿಸಬಹುದು. ಒಳ್ಳೆಯದೇ. ಆದರೆ ಫೋನಿಗೂ ಅದು ಗೊತ್ತಿರಬೇಕು, ಇಯರ್‌ಬಡ್‌ಗೂ ಗೊತ್ತಿರಬೇಕು. ಮೊದಲು ಇನ್ನೊಂದು ತಂತಿ ಚುಚ್ಚಿದ್ದರೆ ಸಾಕಿತ್ತು.

ಹಂಚಿಕೊಳ್ಳುವ ಮಾತು ಬಂದಾಗ, ಜನ ತಮ್ಮತಮ್ಮ ಹಾಡಿನ ಫೈಲುಗಳನ್ನು ನೆಟ್‌ನಲ್ಲಿ ಹಂಚಿಕೊಳ್ಳುತ್ತಿದ್ದ ನ್ಯಾಪ್‌ಸ್ಟರ್ ಬಿಡೋಕಾಗಲ್ಲ. ಸಿಡಿಯಲ್ಲಿ ಹಾಡು ಸೆಕೆಂಡಿಗೆ 1,411 ಕಿಲೋಬಿಟ್ ಜಾಗ ತಿನ್ನುತ್ತದೆ. ಅಂದರೆ ಒಂದು ನಿಮಿಷಕ್ಕೆ ಹತ್ತು ಎಂಬಿ. ಅದೇ ಹಾಡು 128 ಕಿಲೋಬಿಟ್‌ನ ಎಂಪಿ3 ಆದರೆ ನಿಮಿಷಕ್ಕೆ ಒಂದು ಎಂಬಿ ಸಾಕು. ಕಿವಿಗೆ ಹೇಗೂ ಗೊತ್ತಾಗದ ಸದ್ದುಗಳನ್ನು ಬಿಟ್ಟುಬಿಡುವುದೇ ಅದರ ಉಪಾಯ. ಜೋರಾದ ಸದ್ದಿನ ಪಕ್ಕದಲ್ಲೇ ಬಂದ ಮೆಲ್ಲನೆಯದು ನಮಗೆ ಕೇಳಿಸುವುದಿಲ್ಲ ಅಲ್ವಾ, ಅದನ್ನು ಯಾಕೆ ಹೊರಬೇಕು ಅಂತ. ಇಷ್ಟು ಚಿಕ್ಕದಾಗಿದ್ದಕ್ಕೇ ಫೋನ್ ಲೈನಿನ ಮೋಡೆಮ್‌ನಲ್ಲೂ ಒಂದು ಹಾಡು ಹತ್ತು ಹದಿನೈದು ನಿಮಿಷಕ್ಕೆ ಇಳಿಯುತ್ತಿತ್ತು. 1999ರಲ್ಲಿ ಶಾನ್ ಫ್ಯಾನಿಂಗ್ ಅನ್ನುವ ಕಾಲೇಜು ಹುಡುಗ ಬರೆದ ನ್ಯಾಪ್‌ಸ್ಟರ್ ಇದರ ಮೇಲೇ ನಿಂತಿತ್ತು. ಹಾಡುಗಳು ಜನರ ಕಂಪ್ಯೂಟರಿನಲ್ಲೇ ಇದ್ದವು. ಯಾರ ಹತ್ತಿರ ಯಾವ ಹಾಡಿದೆ ಅನ್ನುವ ಪಟ್ಟಿ ಮಾತ್ರ ಕಂಪನಿಯ ಸರ್ವರಿನಲ್ಲಿತ್ತು. ಆ ಪಟ್ಟಿಯೇ ಅದಕ್ಕೆ ಮುಳುವಾಯಿತು. ಸಂಗೀತ ಕಂಪನಿಗಳು ಹೂಡಿದ ಕೇಸಿನಲ್ಲಿ ಕೋರ್ಟಿಗೆ ಹಿಡಿಯಲು ಒಂದು ಜಾಗ ಸಿಕ್ಕಿತು, 2001ರಲ್ಲಿ ಅಂಗಡಿ ಮುಚ್ಚಿತು. ಅದೇ ವರ್ಷ ಬಂದ, ಫೈಲ್ ಹಂಚುವ ಇನ್ನೊಂದು ಪದ್ಧತಿಯಾದ ಬಿಟ್‌ಟೊರೆಂಟ್ ತಾನೇ ಯಾವ ಪಟ್ಟಿಯನ್ನೂ ಇಟ್ಟುಕೊಳ್ಳಲಿಲ್ಲ. ಹುಡುಕುವ ಕೆಲಸ ಬೇರೆ ಸೈಟುಗಳಿಗೆ ಬಿಟ್ಟಿತು.

ಆ ಕಾಲವನ್ನು ಹಾಡಿ ಹೊಗಳುವ ಆಸೆ ನನಗಿಲ್ಲ. ಹಾಡಿದವರಿಗೆ, ನುಡಿಸಿದವರಿಗೆ ಅದರಿಂದ ಬಿಡಿಗಾಸೂ ಬರಲಿಲ್ಲ. ಅದು ಸರಿ ಅಂತ ವಾದ ಮಾಡುವವರ ಜೊತೆ ನಾನು ಸೇರುವುದಿಲ್ಲ. ಆದರೆ ನ್ಯಾಪ್‌ಸ್ಟರ್‌ನ ಒಂದು ಸಂಗತಿ ಮಾತ್ರ ಆಮೇಲೆ ಎಲ್ಲೂ ಸರಿಯಾಗಿ ಸಿಗಲಿಲ್ಲ. ಯಾರಿಂದ ಹಾಡು ಇಳಿಸಿಕೊಳ್ಳುತ್ತಿದ್ದೀರೋ ಅವರು ಹಂಚಿದ ಉಳಿದ ಹಾಡುಗಳನ್ನೆಲ್ಲ ನೋಡಬಹುದಿತ್ತು. ಯಾರದೋ ಮನೆಗೆ ಹೋದಾಗ ಅವರ ಪುಸ್ತಕದ ಕಪಾಟು ನೋಡಿದ ಹಾಗೆ. ಈ ಮನುಷ್ಯನಿಗೆ ನನಗೆ ಇಷ್ಟವಾದ ಅದೇ ಅಪರೂಪದ ಹಾಡು ಇಷ್ಟ, ಹಾಗಾದರೆ ಇವನ ಹತ್ತಿರ ಇನ್ನೇನಿದೆ? ಈಗ ಆ ಕೆಲಸ ಅಲ್ಗಾರಿದಮ್ ಮಾಡುತ್ತದೆ. ನಾನು ಕೇಳಿದ್ದನ್ನೇ ತಿರುಗಿಸಿ ಮುರುಗಿಸಿ ನನಗೇ ಬಡಿಸುತ್ತದೆ. ಬೇರೊಬ್ಬರ ವಿಚಿತ್ರ ಅಭಿರುಚಿಗೆ ಡಿಕ್ಕಿ ಹೊಡೆಯುವ ಸಂದರ್ಭವೇ ಬರುವುದಿಲ್ಲ.

ನ್ಯಾಪ್‌ಸ್ಟರ್‌ಗೆ ಹೆದರಿ ಕಂಪನಿಗಳು ಮಾಡಿದ ಬೀಗದ ಸರ್ಕಸ್ಸು ಮಾತ್ರ ನಗು ಬರಿಸುತ್ತದೆ. 2004ರಲ್ಲಿ ಮೈಕ್ರೋಸಾಫ್ಟ್ ಪ್ಲೇಸ್‌ಫಾರ್‌ಶೂರ್ ಅಂತ ಒಂದು ಮುದ್ರೆ ತಂದಿತು. ಆ ಮುದ್ರೆ ಇರುವ ಅಂಗಡಿಯ ಹಾಡು ಆ ಮುದ್ರೆ ಇರುವ ಪ್ಲೇಯರಿನಲ್ಲಿ ನಡೆಯುತ್ತದೆ ಅನ್ನುವ ಭರವಸೆ. ಎರಡು ವರ್ಷಕ್ಕೆ ಅದೇ ಮೈಕ್ರೋಸಾಫ್ಟ್ ಝೂನ್ ಅನ್ನುವ ತನ್ನದೇ ಪ್ಲೇಯರ್ ತಂದಿತು, ಅದರಲ್ಲಿ ಆ ಹಾಡುಗಳು ನಡೆಯುತ್ತಿರಲಿಲ್ಲ! ಝೂನ್‌ನಿಂದ ಝೂನ್‌ಗೆ ವೈಫೈ ಮೂಲಕ ಹಾಡು ಕಳಿಸಬಹುದಿತ್ತು, ಅದು ನಿಜಕ್ಕೂ ಚೆಂದದ ಯೋಚನೆ. ಆದರೆ ಹಾಗೆ ಬಂದ ಹಾಡನ್ನು ಮೂರು ದಿನದೊಳಗೆ ಮೂರು ಸಲ ಮಾತ್ರ ಕೇಳಬೇಕು, ಆಮೇಲೆ ಬಂದ್. ನೀವೇ ಹಾಡಿ ರೆಕಾರ್ಡ್ ಮಾಡಿಕೊಂಡಿದ್ದರೂ ಅಷ್ಟೇ. 2005ರಲ್ಲಿ ಸೋನಿ ಬಿಎಂಜಿಯ ಕೆಲವು ಸಿಡಿಗಳು ಕಂಪ್ಯೂಟರಿಗೆ ಹಾಕಿದ ತಕ್ಷಣ ನಕಲು ತಡೆಯುವ ಒಂದು ತಂತ್ರಾಂಶವನ್ನು ಕದ್ದುಮುಚ್ಚಿ ತುರುಕುತ್ತಿದ್ದವು. ದೊಡ್ಡ ಗಲಾಟೆಯಾಗಿ ಸಿಡಿಗಳನ್ನು ವಾಪಸ್ ತೆಗೆದುಕೊಳ್ಳಬೇಕಾಯಿತು. ದುಡ್ಡು ಕೊಟ್ಟು ಸಿಡಿ ಕೊಂಡವರಿಗೇ ಈ ಶಿಕ್ಷೆ. ಪುಕ್ಕಟೆ ಇಳಿಸಿಕೊಂಡವರು ಆರಾಮಾಗಿದ್ದರು. ಕೊನೆಗೆ 2009ರಲ್ಲಿ ಆ್ಯಪಲ್ ಕಂಪನಿಯ ಐಟ್ಯೂನ್ಸ್ ಅಂಗಡಿಯೂ ಹಾಡುಗಳ ಬೀಗ ತೆಗೆಯಿತು. ಗೆದ್ದೆವು ಅಂದುಕೊಳ್ಳುವಷ್ಟರಲ್ಲಿ ಸ್ಟ್ರೀಮಿಂಗ್ ಬಂತು, ಬೀಗವೂ ವಾಪಸ್ ಬಂತು. ಈ ಸಲ ಯಾರೂ ಗಲಾಟೆ ಮಾಡಲಿಲ್ಲ.

ಇನ್ನು ಪ್ಲೇಯರ್ ವಿಷಯ. ನಾನು ಕಂಪ್ಯೂಟರಿನಲ್ಲಿ ಬಳಸುವುದು ಫೂಬಾರ್2000. 2002ರಿಂದ ಇದೆ. ನೋಡೋಕೆ ಬ್ಯಾಂಕಿನ ಲೆಕ್ಕದ ತಂತ್ರಾಂಶದ ಥರ ಇದೆ, ಒಪ್ಪಿಕೊಳ್ಳುತ್ತೇನೆ. ವಿಎಲ್‌ಸಿ ಕೂಡ ಇದೆ. ಯಾವ ವಿಡಿಯೋ ಕೊಟ್ಟರೂ ಓಡಿಸುತ್ತದೆ, ಆದರೆ ಸಾವಿರಾರು ಹಾಡು ಜೋಡಿಸಿಟ್ಟುಕೊಳ್ಳೋಕೆ ಅದು ನನಗೆ ಹಿಡಿಸಲಿಲ್ಲ. ಬಣ್ಣ ಬಣ್ಣದ ಪ್ಲೇಯರುಗಳನ್ನು ಸಾಕಷ್ಟು ನೋಡಿದ್ದೇನೆ. ನನ್ನ ಪರೀಕ್ಷೆ ಒಂದೇ: ಒಂದು ಸಂಗೀತ ಕಛೇರಿಯ ಲೈವ್ ರೆಕಾರ್ಡಿಂಗ್ ಹಾಕಿ ನೋಡುತ್ತೇನೆ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವಾಗ ಚಪ್ಪಾಳೆ ತುಂಡಾದರೆ ಆ ಪ್ಲೇಯರ್ ಬೇಡ.

ಇದು ಅತಿಯಾಯಿತು ಅನ್ನುವವರಿಗೆ ಸ್ವಲ್ಪ ವಿವರ. ಎಂಪಿ3 ಹಾಡನ್ನು ಸ್ಯಾಂಪಲ್ ಅನ್ನುವ ಸದ್ದಿನ ಬಿಡಿ ಅಳತೆಗಳಲ್ಲಿ ಎಣಿಸಿ, 1,152 ಸ್ಯಾಂಪಲ್‌ಗಳ ತುಂಡುಗಳಾಗಿ ಕತ್ತರಿಸುತ್ತದೆ. ಸಿಡಿ ಲೆಕ್ಕದಲ್ಲಿ ಒಂದು ತುಂಡು ಅಂದರೆ ಸೆಕೆಂಡಿನ ನಲವತ್ತರಲ್ಲಿ ಒಂದು ಪಾಲಿನಷ್ಟು. ಹಾಡು ಸರಿಯಾಗಿ ಒಂದು ತುಂಡಿನ ಅಂಚಿಗೇ ಮುಗಿಯುವುದಿಲ್ಲವಲ್ಲ, ಹಾಗಾಗಿ ಕೊನೆಯ ತುಂಡಿನಲ್ಲಿ ಉಳಿದ ಜಾಗಕ್ಕೆ ಮೌನ ತುಂಬುತ್ತಾರೆ. ಶುರುವಿನಲ್ಲೂ ಸ್ವಲ್ಪ ಮೌನ ಸೇರುತ್ತದೆ. ಬಿಡಿ ಹಾಡಾದರೆ ಗೊತ್ತೇ ಆಗುವುದಿಲ್ಲ. ಆದರೆ ಒಂದಕ್ಕೊಂದು ಅಂಟಿಕೊಂಡಿರುವ ಹಾಡುಗಳ ನಡುವೆ ಆ ಚಿಟಿಕೆ ಮೌನ ಬಿಕ್ಕಳಿಕೆ ಬಂದಂತೆ ಕೇಳಿಸುತ್ತದೆ. ಎಂಪಿ3 ಫೈಲ್ ಮಾಡಿಕೊಡುವ ಲೇಮ್ ಅನ್ನುವ ಎನ್‌ಕೋಡರ್ ಎಷ್ಟು ಮೌನ ಸೇರಿಸಿದೆ ಅಂತ ಫೈಲಿನ ಮೊದಲಲ್ಲೇ ಬರೆದಿಡುತ್ತದೆ. ಒಳ್ಳೆಯ ಪ್ಲೇಯರ್ ಅದನ್ನು ಓದಿ ಅಷ್ಟನ್ನು ಕತ್ತರಿಸಿ ನುಡಿಸುತ್ತದೆ. ಓದದ ಪ್ಲೇಯರುಗಳು ಇವತ್ತಿಗೂ ಇವೆ. ಪ್ಲೇಯರ್ ಬರೆದವರು ಹಾಡು ಕೇಳುವವರೋ ಅಲ್ಲವೋ ಅನ್ನುವುದು ಇಂಥ ಕಡೆ ಗೊತ್ತಾಗುತ್ತದೆ.

ಹೆಸರುಗಳದು ಇನ್ನೊಂದು ಗೋಳು. ಎಂಪಿ3 ಫೈಲಿಗೆ ಹಾಡಿನ ಹೆಸರು ಸೇರಿಸುವ ಐಡಿ3 ಅನ್ನುವ ಪದ್ಧತಿ ಶುರುವಾದಾಗ ಫೈಲಿನ ಕೊನೆಯಲ್ಲಿ ಕೇವಲ 128 ಬೈಟ್ ಜಾಗ. ಹಾಡಿನ ಹೆಸರಿಗೆ ಅದರಲ್ಲಿ 30. ಅದೂ ಇಂಗ್ಲಿಷಿನಂಥ ಲಿಪಿಗಳಿಗೆ ಅಂತಲೇ ಮಾಡಿದ್ದು. ಕನ್ನಡದಲ್ಲಿ ಹೆಸರು ಕೊಟ್ಟರೆ ಸಾಲಾಗಿ ಪ್ರಶ್ನೆ ಚಿಹ್ನೆಗಳು ನಿಲ್ಲುತ್ತಿದ್ದವು. ಆಮೇಲಿನ ಆವೃತ್ತಿಗಳು ಯೂನಿಕೋಡ್ ಒಪ್ಪಿಕೊಂಡವು, ಈಗ ತೊಂದರೆ ಇಲ್ಲ. ಹಳೇ ಫೈಲುಗಳನ್ನು ಮ್ಯೂಸಿಕ್‌ಬ್ರೈನ್ಝ್ ಪಿಕಾರ್ಡ್‌ನಲ್ಲಿ ಹಾಕಿದರೆ ಹಾಡಿನ ಸದ್ದನ್ನೇ ಕೇಳಿ ಗುರುತು ಹಿಡಿದು ಹೆಸರು ತುಂಬುತ್ತದೆ. ಪುಕ್ಕಟೆ. ಜನರೇ ಸೇರಿ ತುಂಬಿದ ಮಾಹಿತಿ ಅದು. ಅಪರೂಪದ ಹಾಡುಗಳ ವಿಷಯದಲ್ಲಿ ಮಾತ್ರ ಕೈ ಎತ್ತುತ್ತದೆ, ಆಗ ನಾನೇ ಕೂತು ಟೈಪ್ ಮಾಡುತ್ತೇನೆ. ಬೇಸರವೇನಿಲ್ಲ, ಭಾನುವಾರದ ಕೆಲಸ.

ಯಾವ ಫಾರ್ಮ್ಯಾಟ್ ಅನ್ನುವುದರ ಮೇಲೆ ಜನ ಜಗಳಕ್ಕೇ ನಿಲ್ಲುತ್ತಾರೆ. ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಚೆನ್ನಾಗಿ ಮಾಡಿದ 256 ಕಿಲೋಬಿಟ್ ಎಂಪಿ3ಗೂ ಸಿಡಿಗೂ ನನ್ನ ಕಿವಿಗೆ ವ್ಯತ್ಯಾಸ ತಿಳಿಯುವುದಿಲ್ಲ. ತಿಳಿಯುತ್ತದೆ ಅನ್ನುವವರು ಫೂಬಾರ್‌ನ ಎಬಿಎಕ್ಸ್ ಪರೀಕ್ಷೆ ಹಾಕಿಕೊಂಡು ಯಾವುದು ಯಾವುದು ಅಂತ ನೋಡದೆ ಗುರುತಿಸಲಿ, ಆಮೇಲೆ ಮಾತಾಡೋಣ. ಬ್ಲೂಟೂತ್ ಇಯರ್‌ಬಡ್ ಹಾಕಿಕೊಂಡು ಏನೂ ಕಳೆಯದ ಲಾಸ್‌ಲೆಸ್ಸೇ ಬೇಕು ಅನ್ನುವವರನ್ನು ಕಂಡರಂತೂ ನಗು ಬರುತ್ತದೆ. ಬ್ಲೂಟೂತ್ ಸಾಮಾನ್ಯವಾಗಿ ಹಾಡನ್ನು ಮತ್ತೊಮ್ಮೆ ಕುಗ್ಗಿಸಿಯೇ ಕಿವಿಗೆ ಕಳಿಸುತ್ತದೆ.

ಆದರೂ ಕೊಂಡುಕೊಳ್ಳುವಾಗ ನಾನು ಫ್ಲಾಕ್ ಫೈಲನ್ನೇ ತೆಗೆದುಕೊಳ್ಳುತ್ತೇನೆ. ಕಿವಿಗೋಸ್ಕರ ಅಲ್ಲ. ಅದರಲ್ಲಿ ಏನೂ ಕಳೆದಿರುವುದಿಲ್ಲ, ನಾಳೆ ಯಾವ ಫಾರ್ಮ್ಯಾಟ್ ಬಂದರೂ ಅದಕ್ಕೆ ಬದಲಾಯಿಸಿಕೊಳ್ಳಬಹುದು. ಎಂಪಿ3ಯನ್ನು ಇನ್ನೊಂದು ಕುಗ್ಗಿಸುವ ಫಾರ್ಮ್ಯಾಟ್‌ಗೆ ಬದಲಾಯಿಸಿದರೆ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಕಳೆಯುತ್ತದೆ. ಹಾಗಾಗಿ ಫ್ಲಾಕ್ ಕಂಪ್ಯೂಟರಿನಲ್ಲಿ, ಅದರಿಂದ ಮಾಡಿದ ಓಪಸ್ ಅನ್ನುವ ಕುಗ್ಗಿಸಿದ ಫೈಲುಗಳು ಫೋನಿನಲ್ಲಿ. ಓಪಸ್ 128 ಕಿಲೋಬಿಟ್‌ನಲ್ಲೇ ಎಷ್ಟು ಚೆನ್ನಾಗಿ ಕೇಳುತ್ತದೆ ಅಂದರೆ, ಅದನ್ನು ಒಂದು ಸಲ ಬಳಸಿ ನೋಡಿ ಅಷ್ಟೇ. ಫೋನಿಗೂ ಕಂಪ್ಯೂಟರಿಗೂ ನಡುವೆ ಸಿಂಕ್‌ಥಿಂಗ್ ಇದೆ. ಒಂದು ಕಡೆ ಹಾಕಿದ್ದು ಇನ್ನೊಂದು ಕಡೆ ತಾನೇ ಬರುತ್ತದೆ, ನಡುವೆ ಯಾರ ಕ್ಲೌಡೂ ಇಲ್ಲ.

ಕೊಳ್ಳುವುದು ಎಲ್ಲಿ ಅಂತ ಕೇಳುತ್ತೀರಿ. ಬ್ಯಾಂಡ್‌ಕ್ಯಾಂಪ್ ಅನ್ನುವ ಸೈಟಿನಲ್ಲಿ ಇದ್ದರೆ ಅಲ್ಲೇ. ಬೀಗ ಇಲ್ಲದ ಫೈಲ್ ಕೊಡುತ್ತಾರೆ, ಬೇಕಾದ ಫಾರ್ಮ್ಯಾಟ್ ನಾವೇ ಆರಿಸಬಹುದು. ಡಿಜಿಟಲ್ ಮಾರಾಟದಲ್ಲಿ ಅವರು ಇಟ್ಟುಕೊಳ್ಳುವುದು ಹೆಚ್ಚೆಂದರೆ ಶೇಕಡಾ 15. ಹಣ ಪಾವತಿಯ ಖರ್ಚು ಕಳೆದು ಉಳಿದದ್ದು ಹಾಡಿದವರಿಗೆ ಅಥವಾ ಅವರ ಲೇಬಲ್‌ಗೆ ಹೋಗುತ್ತದೆ. ನಾನು ಕೊಂಡ ಹಾಡನ್ನು ಒಬ್ಬ ಗೆಳೆಯನಿಗೆ ಕೇಳಿಸುತ್ತೇನೆ, ಅವನಿಗೆ ಹಿಡಿಸಿದರೆ ಅವನೂ ಕೊಳ್ಳುತ್ತಾನೆ. ಇಡೀ ಊರಿಗೆ ಹಂಚುವುದು ಬೇರೆ, ಪಕ್ಕದವನ ಕಿವಿಗೆ ಒಂದು ಹೆಡ್‌ಫೋನ್ ಕೊಡುವುದು ಬೇರೆ. ಕಾನೂನು ಓದಿದವರು ಇಲ್ಲೂ ತಕರಾರು ತೆಗೆಯಬಹುದು. ತೆಗೆಯಲಿ.

ಈಗ ನಿಮ್ಮಿಂದ ಒಂದು ಸಹಾಯ ಬೇಕು. ಆಂಡ್ರಾಯ್ಡ್‌ಗೆ ಒಳ್ಳೆಯ ಪ್ಲೇಯರ್ ಗೊತ್ತಿದ್ದರೆ ಹೇಳಿ. ಫೋಲ್ಡರ್ ಪ್ರಕಾರ ತೋರಿಸಬೇಕು, ಚಪ್ಪಾಳೆ ತುಂಡಾಗಬಾರದು, ಕನ್ನಡದ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸೋಕೆ ಬರಬೇಕು. ಒಂದೇ ಸಲ ದುಡ್ಡು ಕೊಡು ಅಂದರೆ ಖುಷಿಯಿಂದ ಕೊಡುತ್ತೇನೆ. ತಿಂಗಳು ತಿಂಗಳು ಕಟ್ಟು ಅನ್ನುವಂಥದ್ದಾದರೆ ಹೆಸರೂ ಹೇಳಬೇಡಿ.