ಕ್ರಾಯ್ಡನ್ನಿನ ಪೆಗ್ಗಿ, ಸಾವನದುರ್ಗದ ಮಿಸೆಸ್ ಮೂರ್

ಕ್ರಾಯ್ಡನ್ ಅಂದರೆ ಲಂಡನ್ನಿನವರು ಮೂಗು ಮುರಿಯುತ್ತಾರೆ. ಕಾಂಕ್ರೀಟ್ ಕಟ್ಟಡ, ಟ್ರಾಮು, ಆಫೀಸು, ಇನ್ನೇನಿದೆ ಅಲ್ಲಿ ಅನ್ನೋ ಧಾಟಿ. ನಾವು ಇಲ್ಲಿ ಮನೆ ಮಾಡಿದ್ದಕ್ಕೂ ದೊಡ್ಡ ಕಾರಣವೇನಿಲ್ಲ. ಈಸ್ಟ್ ಕ್ರಾಯ್ಡನ್ ಸ್ಟೇಷನ್ನಿನಿಂದ ಎಲ್ಲಿಗೆ ಬೇಕಾದರೂ ರೈಲಿದೆ, ಟೂಟಿಂಗ್ ಹತ್ತಿರ ಇರೋದರಿಂದ ನುಗ್ಗೆಕಾಯಿಗೆ ಪರದಾಡಬೇಕಿಲ್ಲ. ಅಷ್ಟೇ.

ಕಳೆದ ಬೇಸಿಗೆಯಲ್ಲಿ ಅಮ್ಮ ಬೆಂಗಳೂರಿನಿಂದ ಬಂದಿದ್ದಳು. ಒಂದು ಶನಿವಾರ ಇಬ್ಬರೂ ಸರ್ರೆ ಸ್ಟ್ರೀಟ್ ಮಾರ್ಕೆಟ್ಟಿಗೆ ಹೋದೆವು. ಅಲ್ಲಿ ತರಕಾರಿಯನ್ನು ಬೌಲಿನಲ್ಲಿ ತುಂಬಿಟ್ಟು, ಬೌಲಿಗೆ ಇಷ್ಟು ಪೌಂಡ್ ಅಂತ ಕೂಗಿ ಮಾರುತ್ತಾರೆ. ಅಮ್ಮನಿಗೆ ಆ ಕೂಗಾಟ ಅಂದರೆ ಪ್ರಾಣ. ಬದನೆಕಾಯಿಗೆ ಕನ್ನಡದಲ್ಲೇ ಚೌಕಾಸಿ ಮಾಡಿ, ಎರಡು ಜಾಸ್ತಿ ಹಾಕಿಸಿಕೊಂಡಳು. ಅಷ್ಟರಲ್ಲಿ ಮಳೆ ಹಿಡಿಯಿತು. ಚೀಲ ಹೊತ್ತುಕೊಂಡೇ ಫೇರ್‌ಫೀಲ್ಡ್ ಹಾಲ್ಸ್ ಅನ್ನೋ ರಂಗಮಂದಿರದ ಒಳಗೆ ನುಗ್ಗಿದೆವು.

ಕಾಫಿ ತಗೊಂಡು ಕೂತಾಗ ಅಮ್ಮನ ಕಣ್ಣು ಬೋರ್ಡಿನ ಮೇಲೆ ಬಿತ್ತು. ಆಷ್‌ಕ್ರಾಫ್ಟ್ ಪ್ಲೇಹೌಸ್.

"ಯಾರೇ ಅದು ಆಷ್‌ಕ್ರಾಫ್ಟ್? ಕಟ್ಟಡಕ್ಕೆ ದುಡ್ಡು ಕೊಟ್ಟವರಾ?"

"ಅಲ್ಲಮ್ಮ, ನಟಿ. ಪೆಗ್ಗಿ ಆಷ್‌ಕ್ರಾಫ್ಟ್. ಇದೇ ಊರಿನವರು. 1907ರಲ್ಲಿ ಇಲ್ಲೇ ಹುಟ್ಟಿದ್ದು."

ಈ ಕಟ್ಟಡ ಶುರುವಾಗಿದ್ದು 1962ರಲ್ಲಿ. ಆಗ ಪೆಗ್ಗಿಯವರಿಗೆ ಇನ್ನೂ 54. ಬದುಕಿದ್ದಾಗಲೇ ಹೆಸರಿಟ್ಟರು ಅಂದಾಗ ಅಮ್ಮನಿಗೆ ಆಶ್ಚರ್ಯ. "ನಮ್ಮಲ್ಲಿ ಹೋದ ಮೇಲೆ ಒಂದು ರಸ್ತೆಗೆ ಹೆಸರಿಡ್ತಾರೆ, ಅದೂ ಗುಂಡಿ ಬಿದ್ದಿರೋ ರಸ್ತೆಗೆ" ಅಂದಳು.

ಮಾತು ಅಲ್ಲಿಗೇ ಮುಗಿಯುತ್ತಿತ್ತೇನೋ. ನಾನು ಸುಮ್ನಿರದೆ, "ಎ ಪ್ಯಾಸೇಜ್ ಟು ಇಂಡಿಯಾ ಸಿನಿಮಾದಲ್ಲಿ ಬರೋ ವಯಸ್ಸಾದ ಹೆಂಗಸು ಇವರೇ" ಅಂದೆ. ಅಮ್ಮ ಕಾಫಿ ಕೆಳಗಿಟ್ಟಳು.

"ಅರಮನೆ ಮೈದಾನದ ಶೂಟಿಂಗಾ!"

ಅದು ಡೇವಿಡ್ ಲೀನ್ ನಿರ್ದೇಶಿಸಿದ ಕೊನೆಯ ಸಿನಿಮಾ. ಕಥೆ ನಡೆಯೋದು ಗಂಗಾ ತೀರದ ಚಂದ್ರಾಪುರ ಅನ್ನೋ ಕಾಲ್ಪನಿಕ ಊರಿನಲ್ಲಿ. ಆದರೆ ಆ ಊರಿನ ಬಜಾರಿನ ಸೆಟ್ ಹಾಕಿದ್ದು ಬೆಂಗಳೂರಿನ ಅರಮನೆ ಆವರಣದಲ್ಲಿ. ಅಮ್ಮ ಆಗ ವಸಂತನಗರದಲ್ಲಿದ್ದಳು. ಬ್ಯಾಂಕಿನ ಕೆಲಸಕ್ಕೆ ಹೋಗೋವಾಗ ದಿನಾ ಆ ಸೆಟ್ಟಿನ ಸುದ್ದಿ ಕಿವಿಗೆ ಬೀಳುತ್ತಿತ್ತಂತೆ. ವಠಾರದ ಹುಡುಗನೊಬ್ಬ ಪೇಟ ಸುತ್ತಿಕೊಂಡು ಗುಂಪಿನಲ್ಲಿ ನಿಂತು ಬಂದಿದ್ದನಂತೆ. ಸಿನಿಮಾ ಬಿಡುಗಡೆಯಾದಾಗ ಇಡೀ ವಠಾರ ಅವನನ್ನು ಹುಡುಕಲಿಕ್ಕೆ ಹೋಗಿತ್ತು. "ಪೇಟ ಬೇಕಾದಷ್ಟು ಕಾಣಿಸ್ತು. ಅವನು ಕಾಣಿಸಲಿಲ್ಲ. ಕಥೆ ಏನು ಅಂತಾನೂ ನೋಡಲಿಲ್ಲ ನಾವು" ಅಂದಳು.

ಹಾಗಾದರೆ ಇವತ್ತು ನೋಡೋಣ ಅಂತ ಮನೆಗೆ ಬಂದೆವು. ಮಳೆಯೂ ನಿಲ್ಲೋ ಲಕ್ಷಣ ಇರಲಿಲ್ಲ. ಆದರೆ ನಾನು ಮೊದಲು ಹಾಕಿದ್ದು ಬೇರೆ ಸಿನಿಮಾ. ಹಿಚ್‌ಕಾಕ್ ನಿರ್ದೇಶನದ 'ದಿ 39 ಸ್ಟೆಪ್ಸ್', 1935ರದ್ದು. ಅದರಲ್ಲಿ ಪೆಗ್ಗಿ ಆಷ್‌ಕ್ರಾಫ್ಟ್ ಬರೋದು ಕೆಲವೇ ನಿಮಿಷ. ಮುದುಕಿಯನ್ನು ನೋಡೋಕೆ ಮುಂಚೆ ಅಮ್ಮ ಹುಡುಗಿಯನ್ನು ನೋಡಲಿ ಅಂತ ನನ್ನ ಆಸೆ.

ಕೊಲೆ ಆರೋಪ ಹೊತ್ತು ಓಡಿ ಬಂದವನೊಬ್ಬ ಸ್ಕಾಟ್ಲೆಂಡಿನ ಬೆಟ್ಟದ ನಡುವೆ ಒಬ್ಬ ರೈತನ ಮನೆಯಲ್ಲಿ ರಾತ್ರಿ ಉಳಿದುಕೊಳ್ಳುತ್ತಾನೆ. ರೈತನಿಗೆ ವಯಸ್ಸಾಗಿದೆ, ಹೆಂಡತಿಗೆ ಚಿಕ್ಕ ವಯಸ್ಸು. ಅವಳು ಗ್ಲಾಸ್ಗೋದವಳು. ಗಂಡ ಆಚೆ ಹೋದಾಗ ಅವಳು ಊರನ್ನು ನೆನೆಸಿಕೊಳ್ಳುತ್ತಾಳೆ. ಶನಿವಾರ ರಾತ್ರಿಯ ದೀಪಗಳು, ಅಂಗಡಿಗಳು, ಟ್ರಾಮು, ಸಿನಿಮಾ ಮಂದಿರ, ಜನಜಂಗುಳಿ. ಇವತ್ತು ಶನಿವಾರ ರಾತ್ರಿ, ಅನ್ನುತ್ತಾಳೆ. ಲಂಡನ್ನಿನ ಹೆಂಗಸರು ಕಾಲಿನ ಉಗುರಿಗೆ ಬಣ್ಣ ಹಚ್ಚುತ್ತಾರಂತೆ, ನಿಜವಾ ಅಂತ ಕೇಳುತ್ತಾಳೆ. ಪಾಪ, ಅವಳಿಗೆ ಗೊತ್ತಾಗಬೇಕಿರೋದು ಇಷ್ಟೇ.

ಆಮೇಲೆ ಊಟದ ದೃಶ್ಯ. ಮೇಜಿನ ಮೇಲೆ ಪೇಪರು ಬಿದ್ದಿದೆ, ಅದರಲ್ಲಿ ಕೊಲೆಯ ಸುದ್ದಿ. ಗಂಡ ಊಟಕ್ಕೆ ಮುಂಚಿನ ಪ್ರಾರ್ಥನೆ ಶುರುಮಾಡುತ್ತಾನೆ. ಅವಳ ಕಣ್ಣು ಪೇಪರಿನ ಮೇಲೆ ಹೋಗುತ್ತದೆ. ಅಲ್ಲಿಂದ ಅತಿಥಿಯ ಮುಖಕ್ಕೆ. ಅವನಿಗೂ ಗೊತ್ತಾಗುತ್ತದೆ, ಇವಳಿಗೆ ಗೊತ್ತಾಯಿತು ಅಂತ. ಗಂಡ ಪ್ರಾರ್ಥನೆ ಹೇಳುತ್ತಲೇ ಇಬ್ಬರನ್ನೂ ಗಮನಿಸುತ್ತಾನೆ, ಆದರೆ ಅವನು ತಿಳಿದುಕೊಳ್ಳೋದೇ ಬೇರೆ. ಪೆಗ್ಗಿಯವರಿಗೆ ಅಲ್ಲಿ ಒಂದು ಮಾತೂ ಇಲ್ಲ. ಭಯ, ಆಮೇಲೆ ಯೋಚನೆ, ಆಮೇಲೆ 'ಇವನು ಕೊಲೆಗಾರ ಇರಲಾರ' ಅನ್ನೋ ತೀರ್ಮಾನ. ಮೂರೂ ಬರೀ ಕಣ್ಣಲ್ಲಿ.

"ಇನ್ನೊಂದ್ಸಲ ಹಾಕೇ" ಅಂದಳು ಅಮ್ಮ. ಹಾಕಿದೆ.

ಪೊಲೀಸರು ಬಂದಾಗ ಅವಳು ಗಂಡನ ಒಳ್ಳೇ ಕೋಟನ್ನು ಅತಿಥಿಗೆ ಕೊಟ್ಟು ಕಳಿಸುತ್ತಾಳೆ. ಅದರ ಜೇಬಿನಲ್ಲಿದ್ದ ಪ್ರಾರ್ಥನೆಯ ಪುಸ್ತಕ ಮುಂದೆ ಅವನನ್ನು ಗುಂಡಿನಿಂದ ಉಳಿಸುತ್ತದೆ. ಅವಳಿಗೆ ಸಿಗೋದು ಗಂಡನ ಏಟು. ಅಲ್ಲಿಗೆ ಅವಳ ಪಾತ್ರ ಮುಗಿಯಿತು. ಕಥೆ ಬೇರೆ ನಾಯಕಿಯ ಜೊತೆ ಮುಂದಕ್ಕೆ ಓಡುತ್ತದೆ. ಅಮ್ಮನಿಗೆ ಆ ಹೊಸ ನಾಯಕಿ ಹಿಡಿಸಲೇ ಇಲ್ಲ. "ಆ ಹುಡುಗಿ ಏನಾದಳು? ಅದನ್ನ ಹೇಳಲ್ವಾ?" ಅಂತ ಕೊನೆಯವರೆಗೂ ಕೇಳುತ್ತಲೇ ಇದ್ದಳು.

ಎರಡು ಸಿನಿಮಾದ ನಡುವೆ ಬದನೆಕಾಯಿ ಎಣ್ಣೆಗಾಯಿ ಆಯಿತು. ಒಲೆ ಮುಂದೆ ನಿಂತು ನನಗೆ ಗೊತ್ತಿದ್ದಷ್ಟು ಹೇಳಿದೆ. ತಂದೆ ಮೊದಲ ಮಹಾಯುದ್ಧದಲ್ಲಿ ತೀರಿಕೊಂಡರು. ಪೆಗ್ಗಿ ನಾಟಕ ಶಾಲೆಗೆ ಸೇರಿದಾಗ ಅಲ್ಲಿ ಜೊತೆಗೆ ಓದುತ್ತಿದ್ದವರು ಲಾರೆನ್ಸ್ ಒಲಿವಿಯರ್. 1926ರಲ್ಲಿ ಬರ್ಮಿಂಗ್‌ಹ್ಯಾಮ್ ರೆಪರ್ಟರಿಯಲ್ಲಿ ಮೊದಲ ವೃತ್ತಿನಾಟಕ. ಮೂರು ಮದುವೆ, ಮೂರೂ ಮುರಿದವು. ಅಮ್ಮ ಇದಕ್ಕೆ "ಹ್ಞೂಂ" ಅಂದಳು ಅಷ್ಟೆ.

ಅವಳು ಸೌಟು ನಿಲ್ಲಿಸಿ ಕೇಳಿದ್ದು 1930ರ 'ಒಥೆಲೋ' ಕಥೆಯನ್ನು. ಲಂಡನ್ನಿನ ಸವಾಯ್ ಥಿಯೇಟರಿನಲ್ಲಿ ಒಥೆಲೋ ಆಗಿ ಅಮೆರಿಕದ ಕರಿಯ ನಟ, ಗಾಯಕ ಪಾಲ್ ರೋಬ್ಸನ್. ಡೆಸ್ಡಿಮೋನಾ ಆಗಿ 22 ವರ್ಷದ ಪೆಗ್ಗಿ. ಬಿಳಿಯ ಹುಡುಗಿ ಕರಿಯನ ಜೊತೆ ರಂಗದ ಮೇಲೆ ಪ್ರೀತಿ ಮಾಡೋದೇ ಅಂತ ಅವರಿಗೆ ಬೈಗುಳದ ಪತ್ರಗಳು ಬಂದವು. ಅದರ ಹಿಂದಿನ ವರ್ಷವಷ್ಟೇ ಸವಾಯ್ ಹೋಟೆಲಿನಲ್ಲಿ ರೋಬ್ಸನ್‌ಗೆ ಊಟಕ್ಕೆ ಜಾಗ ಕೊಟ್ಟಿರಲಿಲ್ಲ. ಥಿಯೇಟರ್ ಮತ್ತು ಹೋಟೆಲ್ ಅಕ್ಕಪಕ್ಕ.

"ಆಯಮ್ಮ ಪತ್ರ ಓದಿ ಹೆದರಿ ಬಿಟ್ಟುಬಿಟ್ಟಳಾ?"

"ಇಲ್ಲಮ್ಮ, ಮಾಡಿದರು."

"ಸರಿ ಹಾಗಾದ್ರೆ" ಅಂತ ಒಗ್ಗರಣೆ ಹಾಕಿದಳು.

1935ರಲ್ಲಿ ಜೂಲಿಯೆಟ್. ನಟ ಜಾನ್ ಗಿಲ್‌ಗುಡ್ ಮತ್ತು ಒಲಿವಿಯರ್ ಇಬ್ಬರೂ ಪಾತ್ರ ಅದಲುಬದಲು ಮಾಡಿಕೊಂಡು, ಕೆಲವು ವಾರ ಒಬ್ಬರು ರೋಮಿಯೋ, ಆಮೇಲೆ ಇನ್ನೊಬ್ಬರು. ಜೂಲಿಯೆಟ್ ಮಾತ್ರ ಇವರೇ. ಈ ನಾಟಕದ ಬಗ್ಗೆ ಬರೆಯೋರೆಲ್ಲ ಗಂಡಸರಿಬ್ಬರ ಪೈಪೋಟಿಯನ್ನೇ ಬರೆಯುತ್ತಾರೆ. ಎರಡು ತರಹದ ರೋಮಿಯೋಗೆ ಪ್ರತಿ ಸಂಜೆ ಹೊಂದಿಕೊಂಡವರು ಯಾರು ಅಂತ ಯಾಕೋ ಯಾರೂ ಕೇಳೋದಿಲ್ಲ. ನನಗೆ ಇದು ಒಂಚೂರು ಸಿಟ್ಟು ಬರಿಸೋ ವಿಷಯ.

ಊಟ ಮಾಡಿ 'ಪ್ಯಾಸೇಜ್ ಟು ಇಂಡಿಯಾ' ಹಾಕಿದೆವು. ಈ ಪಾತ್ರಕ್ಕೆ ಕರೆದಾಗ ಪೆಗ್ಗಿ, ನನಗೆ 75 ಆಯಿತಲ್ಲ ಅಂದರಂತೆ. ನನಗೂ ಅಷ್ಟೇ ಅಂದರಂತೆ ಲೀನ್. ಆ ವಯಸ್ಸಿನಲ್ಲಿ ಬಂದು ಆನೆ ಹತ್ತಿದರು, ಬಂಡೆ ಹತ್ತಿದರು.

ಮಸೀದಿಯ ದೃಶ್ಯ ಬಂತು. ರಾತ್ರಿ, ಪೆಗ್ಗಿಯವರ ಪಾತ್ರವಾದ ಮಿಸೆಸ್ ಮೂರ್ ಒಬ್ಬರೇ ಒಳಗೆ ಹೋಗಿದ್ದಾರೆ. ಬೂಟು ಹಾಕಿಕೊಂಡು ಬಂದಿದ್ದಾರೆ ಅಂತ ಡಾಕ್ಟರ್ ಅಜೀಜ್ ರೇಗುತ್ತಾನೆ. ಬಿಚ್ಚಿಟ್ಟೇ ಬಂದಿದ್ದೇನೆ ಅನ್ನುತ್ತಾರೆ ಮಿಸೆಸ್ ಮೂರ್. ಯಾರೂ ನೋಡದಿರುವಾಗ ಹಾಗೆ ಬಿಚ್ಚೋ ಇಂಗ್ಲಿಷ್ ಹೆಂಗಸರು ಕಡಿಮೆ ಅಂದಾಗ, ದೇವರು ಇಲ್ಲಿದ್ದಾನಲ್ಲ ಅನ್ನುತ್ತಾರೆ. ಇದನ್ನು ಇನ್ಯಾರಾದರೂ ಹೇಳಿದ್ದರೆ ಉಪದೇಶ ಆಗಿಬಿಡುತ್ತಿತ್ತು. ಇವರು ವಿಳಾಸ ಹೇಳೋ ಹಾಗೆ ಹೇಳುತ್ತಾರೆ.

ಮರಾಬಾರ್ ಗುಹೆಗಳು ಬಂದಾಗ ಅಮ್ಮ ಕುರ್ಚಿಯ ತುದಿಗೆ ಬಂದಳು. "ಸಾವನದುರ್ಗ! ನೋಡೇ, ನಮ್ಮ ಸಾವನದುರ್ಗ!" ಮಾಗಡಿ ಕಡೆಯವಳಿಗೆ ಬಂಡೆ ಗುರುತು ಹತ್ತದೆ ಇರುತ್ತದಾ? ಕಥೆಗೆ ಬೇಕಾದ ಗುಹೆ ಅಲ್ಲಿರಲಿಲ್ಲ. ಬಂಡೆಯಲ್ಲಿ ಬಾಯಿಗಳನ್ನು ಸಿನಿಮಾಕ್ಕೆ ಅಂತಲೇ ಕೊರೆದರು. ಅಮ್ಮನಿಗೆ ಇದು ಅಷ್ಟು ಸರಿ ಕಾಣಲಿಲ್ಲ.

ಗುಹೆಯೊಳಗಿನ ಪ್ರತಿಧ್ವನಿ ಕೇಳಿ ಮಿಸೆಸ್ ಮೂರ್ ಕಂಗಾಲಾಗಿ ಹೊರಗೆ ಬರುತ್ತಾರೆ. ಒಂದು ಕುರ್ಚಿಯಲ್ಲಿ ಕುಸಿದು ಕೂರುತ್ತಾರೆ. ಅಲ್ಲಿಂದ ಮುಂದೆ ಅವರ ಮುಖವೇ ಬೇರೆ. ಜೊತೆಗೆ ಬಂದಿದ್ದ ಇಂಗ್ಲಿಷ್ ಯುವತಿಯ ಮೇಲೆ ಗುಹೆಯಲ್ಲಿ ಕೈಮಾಡಿದ ಅಂತ ಅಜೀಜ್ ಮೇಲೆ ಆರೋಪ ಬರುತ್ತದೆ. ಸುತ್ತ ಗಲಾಟೆ, ಕೇಸು, ಅರೆಸ್ಟು. ಇವರಿಗೆ ಯಾವುದೂ ಬೇಡ. ಅಜೀಜ್ ನಿರಪರಾಧಿ ಅಂತ ಗೊತ್ತು, ಆದರೂ ಹಡಗು ಹತ್ತಿ ಹೊರಟುಬಿಡುತ್ತಾರೆ, ದಾರಿಯಲ್ಲೇ ಪ್ರಾಣ ಹೋಗುತ್ತದೆ. ಅಮ್ಮನಿಗೆ ಕೋಪ ಬಂತು. "ಸಾಕ್ಷಿ ಹೇಳದೆ ಹೋದಳಲ್ಲ! ಆ ಹುಡುಗಿ ಏಟು ತಿಂದರೂ ಕೋಟು ಕೊಟ್ಟಳು. ಈಯಮ್ಮ ಬಾಯಿ ಬಿಡಲಿಲ್ಲ." ವಯಸ್ಸಾಗಿದೆ, ಸುಸ್ತಾಗಿದೆ ಅಂತ ನಾನು ಪರವಹಿಸಿದೆ. "ಸುಸ್ತು ಎಲ್ಲರಿಗೂ ಆಗುತ್ತೆ" ಅಂದಳು. ಈ ವಾದದಲ್ಲಿ ನಾನು ಗೆಲ್ಲಲಿಲ್ಲ.

ಈ ಪಾತ್ರಕ್ಕೆ 1985ರಲ್ಲಿ ಅತ್ಯುತ್ತಮ ಪೋಷಕ ನಟಿ ಆಸ್ಕರ್ ಬಂತು. ಆಗ 77. ಆ ವಿಭಾಗದಲ್ಲಿ ಅಷ್ಟು ವಯಸ್ಸಾದವರು ಅದುವರೆಗೆ ಗೆದ್ದಿರಲಿಲ್ಲ. ಅವರು ಸಮಾರಂಭಕ್ಕೆ ಹೋಗಲಿಲ್ಲ, ಏಂಜೆಲಾ ಲ್ಯಾನ್ಸ್‌ಬರಿ ಅವರ ಪರವಾಗಿ ತೆಗೆದುಕೊಂಡರು. ಅರ್ಧ ಶತಮಾನ ರಂಗದ ಮೇಲಿದ್ದವರನ್ನು ಜಗತ್ತು ಗುರುತಿಸಿದ್ದು ನಮ್ಮ ಮಾಗಡಿ ಕಡೆಯ ಬಂಡೆ ಮೇಲೆ ಕೂತ ಮೇಲೆ, ಅಂತ ಅಮ್ಮ ಫೋನಿನಲ್ಲಿ ಅಕ್ಕನಿಗೆ ಹೇಳುತ್ತಿದ್ದಳು. ಸ್ವಲ್ಪ ಉತ್ಪ್ರೇಕ್ಷೆ. ಇಂಗ್ಲೆಂಡಿನಲ್ಲಿ 1956ರಲ್ಲೇ ಡೇಮ್ ಪದವಿ, ಅಂದರೆ ಗಂಡಸರ 'ಸರ್' ಪದವಿಗೆ ಸಮನಾದದ್ದು, ಕೊಟ್ಟಿದ್ದರು.

ಮಿಸೆಸ್ ಮೂರ್ ಮೇಲಿನ ಅಮ್ಮನ ಸಿಟ್ಟು ಇಳಿಸಲಿಕ್ಕೆ ಆಮೇಲೊಂದು ದಿನ 'ದಿ ವಾರ್ಸ್ ಆಫ್ ದಿ ರೋಸಸ್' ಹಾಕಿದೆ. ರಾಯಲ್ ಶೇಕ್ಸ್‌ಪಿಯರ್ ಕಂಪನಿ 1963ರಲ್ಲಿ ಸ್ಟ್ರ್ಯಾಟ್‌ಫರ್ಡ್‌ನಲ್ಲಿ ಆಡಿದ ಚಾರಿತ್ರಿಕ ನಾಟಕಗಳ ಸರಣಿ. ಬಿಬಿಸಿ ಅದನ್ನು ಟಿವಿಗೆ ತೆಗೆದಿಟ್ಟುಕೊಂಡಿದ್ದು ನಮ್ಮ ಪುಣ್ಯ. 55 ದಾಟಿದ ಪೆಗ್ಗಿ ಅದರಲ್ಲಿ ರಾಣಿ ಮಾರ್ಗರೆಟ್. ಮದುವೆಯಾಗಿ ಬರೋ ಹುಡುಗಿಯಿಂದ ಹಿಡಿದು ಎಲ್ಲರಿಗೂ ಶಾಪ ಹಾಕಿಕೊಂಡು ಓಡಾಡೋ ಮುದುಕಿಯವರೆಗೆ ಒಬ್ಬರೇ. ಕಪ್ಪು ಬಿಳುಪು, ಗಂಟೆಗಟ್ಟಲೆ ಯುದ್ಧ. ನನಗೆ ನಡುವೆ ಜೊಂಪು ಹತ್ತಿತು.

ಅಮ್ಮ ಭುಜ ಹಿಡಿದು ಅಲ್ಲಾಡಿಸಿದಳು. ತೆರೆಯ ಮೇಲೆ ಮಾರ್ಗರೆಟ್ ಸೆರೆಸಿಕ್ಕ ಯಾರ್ಕ್ ದೊರೆಯ ತಲೆಗೆ ಕಾಗದದ ಕಿರೀಟ ಇಟ್ಟಿದ್ದಾಳೆ. ಅವನ ಮಗನ ರಕ್ತದಲ್ಲಿ ಅದ್ದಿದ ಬಟ್ಟೆಯನ್ನು ಕಣ್ಣೊರೆಸಿಕೋ ಅಂತ ಅವನ ಕೈಗೇ ಕೊಡುತ್ತಾಳೆ.

"ಏಳೇ, ನೋಡೇ ಇಲ್ಲಿ. ಅಲ್ಲಿ ಬಾಯಿ ಬಿಡದೇ ಹೋದೋಳು ಇವಳೇನಾ?"